ಆಶೀಲನ ಬಿಂಗೊ

ಕೆಫೆ ಮುಚ್ಚುವ ವಾರ ಅದರ ಒಡತಿ ಇರ್ಮಾ ಕುರ್ಚಿ, ಮೇಜು, ಬಿಯರ್ ಲೋಟ, ಗೋಡೆಯ ಕನ್ನಡಿ ಎಲ್ಲವನ್ನೂ ಮಾರಿದಳು. ಮೂಲೆಯಲ್ಲಿದ್ದ, ನಾಣ್ಯ ಹಾಕಿ ಆಡುವ ಬಿಂಗೊ ಯಂತ್ರವನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ಕೆಟ್ಟು ಎರಡು ವರ್ಷವಾಗಿತ್ತು. ಅದರ ಗಾಜಿನ ಮೇಲೆ ಹೂಕುಂಡ ಇಟ್ಟಿದ್ದರು. ಗುಜರಿಯವನು ಬರುವ ದಿನ ಬೆಳಿಗ್ಗೆ ಲಿಯೋನಿ ಬಂದು, "ಅದನ್ನ ನಮ್ಮನೆಗೆ ಕಳಿಸು" ಅಂದಳು.

ಇರ್ಮಾಳ ಕಣ್ಣು ತುಂಬಿತು. "ಆಶೀಲನ ನೆನಪಿಗಾ? ಪಾಪ, ಎಷ್ಟು ವರ್ಷ ಇದರ ಮುಂದೆ ನಿಂತಿದ್ದ!"

"ಇಪ್ಪತ್ತೆಂಟು" ಅಂದಳು ಲಿಯೋನಿ.

ರೋನ್ಸೆ ಪಟ್ಟಣದಲ್ಲಿ ಸುದ್ದಿ ಹಬ್ಬಲು ಹೊತ್ತು ಬೇಕಿಲ್ಲ. ಗಂಡ ಸತ್ತು ಮೂರು ವರ್ಷವಾದರೂ ಎಂಥ ಪ್ರೀತಿ ನೋಡಿ ಎಂದು ಬೇಕರಿಯಲ್ಲಿ ಹೆಂಗಸರು ಮಾತಾಡಿಕೊಂಡರು. ಲಿಯೋನಿ ಯಾರನ್ನೂ ತಿದ್ದಲಿಲ್ಲ. ಅವಳಿಗೆ ಬೇಕಿದ್ದದ್ದು ನೆನಪಲ್ಲ. ಆಶೀಲ್ ನೇಯ್ಗೆ ಗಿರಣಿಯಿಂದ ಹೊರಬಿದ್ದವನು ನೇರ ಕೆಫೆಗೆ ಹೋಗುತ್ತಿದ್ದ. ಎಂಟು ಗಂಟೆಗೆ ಮನೆಗೆ ಬಂದು, ಆರಿದ ಸೂಪನ್ನು ಮಾತಿಲ್ಲದೆ ಕುಡಿದು ಮಲಗುತ್ತಿದ್ದ. ಕುಡುಕನಲ್ಲ, ಕೈ ಎತ್ತಿದವನಲ್ಲ, ಸಂಬಳದ ಬಹುಪಾಲು ತಂದುಕೊಡುತ್ತಿದ್ದ. ಹಾಗಾಗಿ ಯಾರ ಹತ್ತಿರವೂ ದೂರುವಂತಿರಲಿಲ್ಲ. ಆ ಪೆಟ್ಟಿಗೆಯಲ್ಲೇ ಏನೋ ಮೋಸವಿದೆ, ಅದು ತನ್ನ ಗಂಡನನ್ನು ಹಿಡಿದಿಟ್ಟಿತ್ತು ಎಂದು ಅವಳು ಎಂದೋ ತೀರ್ಮಾನಿಸಿದ್ದಳು. ಈಗ ಅದನ್ನು ಬಿಚ್ಚಿ ಕಣ್ಣಾರೆ ನೋಡಬೇಕಿತ್ತು.

ಸುತ್ತಲಿನ ಕೆಫೆಗಳ ಬಿಂಗೊ ಯಂತ್ರಗಳನ್ನೆಲ್ಲ ಒಂದು ಕಾಲಕ್ಕೆ ಫಿರ್ಮಿನ್ ರಿಪೇರಿ ಮಾಡುತ್ತಿದ್ದ. ಈಗ ಕೆಲಸ ಬಿಟ್ಟು ಪಾರಿವಾಳ ಸಾಕಿಕೊಂಡಿದ್ದ. ಲಿಯೋನಿ ಹೇಳಿಕಳಿಸಿದಾಗ ಒಂದು ಗುರುವಾರ ಮಧ್ಯಾಹ್ನ ಬಂದು, ಯಂತ್ರದ ಹಿಂಬಾಗಿಲು ತೆಗೆದು ಸಿಳ್ಳೆ ಹಾಕಿದ. ಒಳಗೆ ಮೈಲುಗಟ್ಟಲೆ ತಂತಿ, ನೂರಾರು ರಿಲೇ, ಒಂದರ ಪಕ್ಕ ಒಂದು ಹಲ್ಲಿನ ಚಕ್ರಗಳು.

"ಇದು ಆಗೋ ಹೋಗೋ ಕೆಲಸ ಅಲ್ಲ. ಗ್ರೀಸೆಲ್ಲ ಗೋಂದಾಗಿದೆ. ನನ್ನ ಕಣ್ಣೂ ಮೊದಲಿನ ಹಾಗಿಲ್ಲ."

"ಕಣ್ಣು, ಕೈ ನಂದು. ನೀವು ಕೂತು ಹೇಳಿ ಸಾಕು."

ಕಾಲುಚೀಲದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಚೀಲದ ಬೆರಳ ತುದಿಯನ್ನು ಕುಣಿಕೆಗೆ ಕುಣಿಕೆ ಸೇರಿಸಿ ಹೊಲಿದ ಕೈ ಅದು. ಚಕ್ರಗಳನ್ನು ಒಂದೊಂದಾಗಿ ಬಿಚ್ಚಿ ಸ್ಪಿರಿಟ್‌ನಲ್ಲಿ ತೊಳೆದಳು. ಕಪ್ಪಾದ ಕಾಂಟ್ಯಾಕ್ಟುಗಳ ನಡುವೆ ದಪ್ಪ ಕಾಗದದ ಪಟ್ಟಿ ತೂರಿಸಿ ಎಳೆದೆಳೆದು ಹೊಳಪು ತಂದಳು.

"ನಮ್ಮ ಯಂತ್ರದ ಕಂಪನಿ ಯಜಮಾನ್ರು ನಿಮ್ಮನ್ನ ನೋಡಿದ್ರೆ ನನ್ನನ್ನ ಕೆಲಸ ಬಿಡಿಸಿ ಮನೆಗೆ ಕಳಿಸಿಬಿಡ್ತಿದ್ರು" ಎಂದ ಫಿರ್ಮಿನ್.

ಗುರುವಾರಗಳು ಅಭ್ಯಾಸವಾದವು. ಕಾಫಿ, ಒಂದು ತುಂಡು ಟಾರ್ಟ್, ಸಂಜೆ ಐದರವರೆಗೆ ಕೆಲಸ. ಇಡೀ ಮಧ್ಯಾಹ್ನ ಒಬ್ಬರ ಜೊತೆ ಮಾತಾಡಿಕೊಂಡು ಕೂತು ಎಷ್ಟು ಕಾಲವಾಗಿತ್ತು ಎಂದು ಅವಳಿಗೆ ಆಗಾಗ ಅನ್ನಿಸುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ಮೋಟಾರು ಗುಂಯ್ ಎಂದಿತು, ಮುಂದಿನ ಗಾಜಿನ ಹಿಂದೆ ಬಲ್ಬುಗಳು ಹತ್ತಿಕೊಂಡವು.

ಆಡುವುದು ರಿಪೇರಿಗಿಂತ ಕಷ್ಟವಾಯಿತು. ಹಲಗೆಯ ಮೇಲೆ ಇಪ್ಪತ್ತೈದು ಕುಳಿ, ಕೈಯಲ್ಲಿ ಐದು ಗುಂಡು. ಗುಂಡು ಬಿದ್ದ ಕುಳಿಯ ಸಂಖ್ಯೆ ಗಾಜಿನ ಮೇಲೆ ಬೆಳಗುತ್ತದೆ. ಮೂರು ಸಾಲಾಗಿ ಬಂದರೆ ಗೆಲುವು. ಲಿಯೋನಿ ಗುಂಡು ಚಿಮ್ಮಿಸುವ ಹಿಡಿಯನ್ನು ಎಳೆದು ಬಿಟ್ಟರೆ ಗುಂಡು ಮೇಲಿನ ಅಂಚಿಗೆ ಬಡಿದು ಎಲ್ಲೆಲ್ಲೋ ಹೋಗುತ್ತಿತ್ತು.

"ಎಳೆಯೋದು ಎಲ್ರಿಗೂ ಬರತ್ತೆ. ಬಿಡೋದನ್ನ ಕಲೀರಿ" ಎನ್ನುತ್ತಿದ್ದ ಫಿರ್ಮಿನ್. "ಗುಂಡು ಇಳಿಯೋವಾಗ ಅಂಗೈಯಲ್ಲಿ ಪಕ್ಕಕ್ಕೆ ಸ್ವಲ್ಪ ತಟ್ಟಿ. ಅಯ್ಯೋ, ಅಷ್ಟಲ್ಲ! ಜೋರಾಗಿ ಅಲುಗಿಸಿದ್ರೆ ಯಂತ್ರ ನಿಂತೋಗತ್ತೆ, ಆಟ ಸತ್ತೋಯ್ತು ನೋಡಿ. ಬಾಗಿಲು ಬಡೀತಿದ್ದೀರಾ?"

ಜುಲೈ ಹೊತ್ತಿಗೆ ಕೈ ಪಳಗಿತು. ಒಂದು ಮಧ್ಯಾಹ್ನ ಹದಿನಾರರ ಕುಳಿಯ ಅಂಚಲ್ಲಿ ತೂಗಾಡುತ್ತಿದ್ದ ಗುಂಡನ್ನು ಅವಳು ಒಂದೇ ತಟ್ಟಿಗೆ ಒಳಗೆ ಬೀಳಿಸಿದಳು. ಸಾಲಾಗಿ ನಾಲ್ಕು! ಯಂತ್ರ ಟಕಟಕ ಎಂದು ಗೆಲುವು ಎಣಿಸತೊಡಗಿತು. ಲಿಯೋನಿ ಹುಡುಗಿಯ ಹಾಗೆ ಕೂಗಿಕೊಂಡಳು.

"ಥೇಟ್ ಆಶೀಲನ ಕೈ!" ಎಂದು ಫಿರ್ಮಿನ್ ಚಪ್ಪಾಳೆ ತಟ್ಟಿದ.

ಅವಳ ನಗು ಅಲ್ಲೇ ನಿಂತಿತು. ತಾನು ಇದನ್ನು ತಂದದ್ದು ಯಾಕೆಂಬುದು ನೆನಪಾಯಿತು. ಹಿಂಬಾಗಿಲು ತೆಗೆದು, ಬಹಳ ದಿನದಿಂದ ಕೇಳಬೇಕೆಂದಿದ್ದ ಒಂದು ಸಣ್ಣ ಚಕ್ರವನ್ನು ತೋರಿಸಿದಳು. ಅದರ ಪಕ್ಕ ಮೂರು ತೂತು. ಒಂದಕ್ಕೆ ತಂತಿಯ ತುದಿ ಸಿಕ್ಕಿಸಿತ್ತು.

"ಇದೇನು?"

ಫಿರ್ಮಿನ್ ಕನ್ನಡಕ ಒರೆಸಿಕೊಂಡ. "ನಾಣ್ಯ ಹಾಕ್ದಾಗ ಈ ಕಡೆ ತಿರುಗತ್ತೆ, ಗೆದ್ದಾಗ ಆ ಕಡೆ. ಜಾಸ್ತಿ ಗೆದ್ರೆ ಯಂತ್ರ ಬಿಗಿಯಾಗತ್ತೆ, ಮತ್ತೆ ಸುಲಭಕ್ಕೆ ಕೊಡಲ್ಲ. ಈ ತೂತು ಸಡಿಲ, ಇದು ನಡುಮಧ್ಯ, ಇದು ಬಿಗಿ."

"ಬಿಗಿಗೆ ಸಿಕ್ಕಿಸಿದ್ಯಾರು?"

"ನಾನೇ. ಯಜಮಾನ್ರು ಹೇಳಿದ್ರು."

ಅವಳಿಗೆ ಒಂಥರಾ ಸಮಾಧಾನವಾಯಿತು. ಕಡೆಗೂ ಕಳ್ಳ ಸಿಕ್ಕಿದ್ದ. "ಅಂದ್ರೆ ನನ್ನ ಗಂಡನಿಗೆ ಇಪ್ಪತ್ತೆಂಟು ವರ್ಷ ಮೋಸ ಮಾಡಿದ್ರಿ."

"ಆಶೀಲನಿಗಾ?" ಫಿರ್ಮಿನ್ ನಿಜಕ್ಕೂ ಬೆರಗಾದ. "ಅವನಿಗೆ ಗೊತ್ತಿತ್ತಲ್ಲ. ಮೊದಲ ವರ್ಷವೇ ಹೇಳಿದ್ದೆ. ಒಳ್ಳೆ ಮನುಷ್ಯ, ಪಾಪ ಅನ್ನಿಸ್ತು. ಬೇಡಪ್ಪಾ, ಮನೆಗೆ ಹೋಗು ಅಂದೆ."

"ಏನಂದ?"

"ಬಿಡಿ ಲಿಯೋನಿ. ಹಳೇ ಮಾತು."

"ಏನಂದ ಅಂತ ಕೇಳ್ದೆ."

ಅವನು ಯಂತ್ರದ ಕಡೆ ತಿರುಗಿಕೊಂಡೇ ಹೇಳಿದ. "'ಇಲ್ಲಿ ಯಾವಾಗಲಾದ್ರೂ ಒಂದ್ಸಲ ಗೆಲ್ತೀನಿ. ಮನೇಲಿ ಅದೂ ಇಲ್ಲ' ಅಂದ."

ಲಿಯೋನಿ ಸ್ಪಿರಿಟ್ ಬಟ್ಟೆಯನ್ನು ಮಡಚಿದಳು. ಬಿಚ್ಚಿ ಮತ್ತೆ ಮಡಚಿದಳು. "ನಾಲ್ಕು ತಿಂಗಳಿಂದ ನನ್ನ ಕಾಫಿ ಕುಡೀತಿದ್ದೀಯ" ಅಂದಳು. ಅಷ್ಟು ದಿನದ 'ನೀವು' ಹಾರಿಹೋಗಿತ್ತು. "ಬಾಯಿ ಬಿಡಲಿಲ್ಲ."

"ನೀವು ಕೇಳಲಿಲ್ಲ. ಆಗಲೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನ ಕೆಫೆ ಒಳಗೆ ಬಂದು ಅವನ ಪಕ್ಕ ನಿಂತ್ರಾ?"

"ಎದ್ದು ಹೋಗು."

ಫಿರ್ಮಿನ್ ಟೋಪಿ ಹಾಕಿಕೊಂಡು ಹೋದ.

ಅವನು ಸುಳ್ಳು ಹೇಳಿದ್ದಾನೆ ಎಂದು ನಂಬಲು ಅವಳು ವಾರವಿಡೀ ಹೆಣಗಿದಳು, ಆಗಲಿಲ್ಲ. ಆ ಮಾತಿನಲ್ಲಿ ಆಶೀಲನ ದನಿಯೇ ಇತ್ತು. ತಾನು ಅವನನ್ನು ಏನೇನು ಅಂದಿದ್ದೆ ಎಂಬುದೂ ನೆನಪಾಗತೊಡಗಿತು: ಅವನು ತಂದ ಪರದೆ ಬಟ್ಟೆಯ ಬಣ್ಣ, ಅವನು ಕತ್ತರಿಸಿದ ಬೇಲಿಗಿಡ, ಮೊಲದ ಮಾಂಸಕ್ಕೆ ಅವನು ಹಾಕಿದ ಉಪ್ಪು. ಯಾವುದೂ ಅವಳಿಗೆ ಸರಿಬಂದಿರಲಿಲ್ಲ. ಅವನು ಮರುಮಾತಾಡುತ್ತಿರಲಿಲ್ಲ. ಅದನ್ನೇ ಅವಳು ಸೊಕ್ಕು ಅಂದುಕೊಂಡಿದ್ದಳು. ತಾನು ಸೋತದ್ದು ಹೆಂಡಕ್ಕಲ್ಲ, ಇನ್ನೊಬ್ಬ ಹೆಂಗಸಿಗಲ್ಲ, ಮೋಸದ ಪೆಟ್ಟಿಗೆಗೂ ಅಲ್ಲ. ಗೆಲ್ಲಲು ಬಿಡದ ಯಂತ್ರವೂ ತನಗಿಂತ ವಾಸಿ ಅನ್ನಿಸಿತ್ತಲ್ಲ ಅವನಿಗೆ!

ಸಿಟ್ಟಿಗೆ ಒಂದು ದಿನ ತಂತಿಯನ್ನು ಕಿತ್ತು ಸಡಿಲದ ತೂತಿಗೆ ಸಿಕ್ಕಿಸಿದಳು. ಯಂತ್ರ ಧಾರಾಳಿಯಾಯಿತು. ಸಾಲಿನ ಮೇಲೆ ಸಾಲು, ಟಕಟಕ ನಿಲ್ಲಲೇ ಇಲ್ಲ. ಐದನೆಯ ದಿನಕ್ಕೆ ಬೇಸರ ಬಂತು. ಕೈಯನ್ನು ಒಳಗೆ ಹಾಕಿ ತಂತಿಯನ್ನು ಮತ್ತೆ ಬಿಗಿಯ ತೂತಿಗೆ ಅವಳೇ ಸಿಕ್ಕಿಸಿದಳು.

ಫಿರ್ಮಿನ್ ಎರಡು ಗುರುವಾರ ಬಂದು ಗಂಟೆ ಒತ್ತಿದ. ಎರಡನೆಯ ಸಲ ಬಾಗಿಲ ಹೊರಗೆ ನಿಂತೇ, "ಲಿಯೋನಿ, ತಪ್ಪಾಯ್ತು. ಹೇಳಬಾರದಿತ್ತು" ಅಂದ. ಅವಳು ಒಳಗೆ ಯಂತ್ರದ ಮುಂದೆ ನಿಂತಿದ್ದಳು. ಮೂರು ಗುಂಡು ಕುಳಿಯಲ್ಲಿದ್ದವು, ಎರಡು ಉಳಿದಿದ್ದವು. ಅವನ ಹೆಜ್ಜೆ ಮೆಟ್ಟಿಲಿಳಿದು ಬೀದಿ ಸೇರುವವರೆಗೂ ಕಾದು, ಹಿಡಿಯನ್ನು ಎಳೆದು, ಬಿಟ್ಟಳು.