ಕಲ್ಲುಬಾನಿಯ ಬಿ.ಎ.

ಎತ್ತಿನ ಮೂತಿಯಿಂದ ಸೋರಿದ ನೀರು ಮೊದಲು ಬಿ ಮೇಲೆ, ಆಮೇಲೆ ಚುಕ್ಕೆಯ ಗುಳಿಯೊಳಗೆ, ಆಮೇಲೆ ಎ ಮೇಲೆ — ಕುಡಿ ಮಹರಾಯ, ಹೊಟ್ಟೆ ತುಂಬ ಕುಡಿ, ನನ್ನ ಡಿಗ್ರಿ ನಿನಗಾದರೂ ಉಪಯೋಗಕ್ಕೆ ಬರಲಿ — ಶ್ರಾವಣ ಸೋಮವಾರದ ಬಿಸಿಲು ಆಗಲೇ ಚುರುಗುಡುತ್ತಿದೆ, ಹಂಪಿ ಬಜಾರಿನ ತುಂಬ ಜನ, ಅಪ್ಪ ಗುಡಿಯೊಳಗೆ ಹೋಗಿ ಅರ್ಧ ಗಂಟೆಯಾಯಿತು, ಜೊತೆಗೆ ಸೋದರತ್ತೆ ಗಾಳೆಮ್ಮ, ನಾನು ಗಾಡಿ ನೋಡಿಕೊಳ್ಳುತ್ತೇನೆಂದು ಹೊರಗೆ ಉಳಿದೆ, ಗಾಡಿಯಲ್ಲಿ ನೋಡುವುದೇನಿದೆ, ನೋಡುತ್ತಿರುವುದು ಈ ಕಲ್ಲುಬಾನಿಯನ್ನು, ದಾರಿಯ ದನಕರುಗಳಿಗೆ ನೀರಿರಲೆಂದು ಅಪ್ಪ ಚೈತ್ರದಲ್ಲಿ ನನ್ನ ಹೆಸರಿನಲ್ಲಿ ಇಡಿಸಿದ್ದು, ಅಕ್ಕನಾಗಮ್ಮ ಎಂಬ ಹೆಸರಿನ ಮುಂದೆ ಬಿ.ಎ., ಚೈತ್ರದಲ್ಲೇ, ಪರೀಕ್ಷೆ ಬರೆದು ಮದರಾಸಿನಿಂದ ಬಂದವಳ ಬೆರಳಿನ ಶಾಯಿ ಕೂಡ ಹೋಗಿರಲಿಲ್ಲ. ಅಪ್ಪಾ, ಫಲಿತಾಂಶ ಜೂನಿಗೆ ಬರ್ತೈತಿ ಅಂದೆ. ಜೂನಿಗೆ ಮಳಿ ಬರ್ತೈತಿ, ದನಕ್ಕ ನೀರು ಬ್ಯಾಸಿಗ್ಯಾಗ ಬೇಕು, ನನ್ನ ಮಗಳು ಫೇಲಾಗ್ತಾಳೇನು ಅಂದರು. ಆದಳು. ಮಗಳು ಫೇಲಾದಳು, ಕಲ್ಲು ಪಾಸಾಯಿತು.

ಆರು ಅಂಕ ಕಡಿಮೆ ಬಿತ್ತು. ಆರೇ ಆರು. ಇಂಗ್ಲಿಷು ಒಂದನೇ ಭಾಗ, ಅದು ಆಯಿತು, ಚರಿತ್ರೆ ಮೂರನೇ ಭಾಗ, ಅದರಲ್ಲಿ ಎರಡನೇ ದರ್ಜೆ, ನಡುವಿನ ಎರಡನೇ ಭಾಗ ಫ್ರೆಂಚು ಮಾತ್ರ ಗಂಟಲಲ್ಲಿ ಮುಳ್ಳಾಗಿ ನಿಂತಿತು, ಮೂರೂ ಆಗದೆ ಬಿ.ಎ. ಇಲ್ಲ — ಯಾಕವ್ವಾ ಫ್ರೆಂಚು ತಗೊಂಡಿ, ಗಾಳೆಮ್ಮತ್ತೆ ದಿನಕ್ಕೆ ಮೂರು ಸಲ ಕೇಳುತ್ತಾಳೆ, ಕಂಪ್ಲ್ಯಾಗ ಯಾರ ಜೋಡಿ ಮಾತಾಡ್ತಿ — ಯಾಕೆಂದರೆ ಅಲ್ಲಿ ಕನ್ನಡ ಹೇಳಿಕೊಡುವವರಿರಲಿಲ್ಲ ಅತ್ತೆ, ತಮಿಳಿನವರು ತಮಿಳಿಗೆ ಹೋದರು, ತೆಲುಗಿನವರು ತೆಲುಗಿಗೆ, ಸಂಸ್ಕೃತದವರು ಮನೆಯಿಂದಲೇ ಶ್ಲೋಕ ಕಟ್ಟಿಕೊಂಡು ಬಂದಿದ್ದರು, ಫ್ರೆಂಚಿನ ಕೋಣೆಯಲ್ಲಿ ಮಾತ್ರ ಎಲ್ಲರದೂ ಸೊನ್ನೆ, ಆ ಸೊನ್ನೆ ನೋಡಿ ನನಗೆ ಧೈರ್ಯ ಬಂತು. ಅವರು ಎಂಬತ್ತಕ್ಕೆ ನಾಲ್ಕು ಇಪ್ಪತ್ತು ಅನ್ನುತ್ತಾರೆಂದು ಮೇಡಮ್ಮು ಹೇಳಿದಾಗ ಹುಡುಗಿಯರೆಲ್ಲ ನಕ್ಕರು, ನಾನೊಬ್ಬಳು ನಗಲಿಲ್ಲ, ನಮ್ಮತ್ತೆ ಸಗಣಿ ಕುಳ್ಳು ಎಣಿಸುವುದೂ ಇಪ್ಪತ್ತಿಪ್ಪತ್ತರ ಲೆಕ್ಕದಲ್ಲೇ, ಇದು ನಮ್ಮ ಹಿತ್ತಲಿನ ಭಾಷೆಯೇ ಅನ್ನಿಸಿತ್ತು. ನಾಲ್ಕು ವರ್ಷ ಹಾಗೇ ಅನ್ನಿಸಿತ್ತು. ಮಾರ್ಚಿನಲ್ಲಿ ಆ ಹಾಳು ಅನುವಾದದ ಕಾಗದ ಕೈಗೆ ಬಂತು, ದ್ರಾಕ್ಷಿ ಹಿಂಡುವವರ ಮೇಲೆ ಒಂದು ಪುಟ, ಪೀಪಾಯಿಯ ಮುಚ್ಚಳಕ್ಕೊಂದು ಹೆಸರು, ಅದರ ಕಬ್ಬಿಣದ ಬಳೆಗೊಂದು ಹೆಸರು, ತಳಕ್ಕೊಂದು ಹೆಸರು, ನಾನು ಪೀಪಾಯಿಯನ್ನೇ ಕಂಡವಳಲ್ಲ, ಕಬ್ಬಿನ ಗಾಣದ ಮೇಲೆ ಕೊಡಬೇಕಿತ್ತು, ಕೊಪ್ಪರಿಗೆ, ನೊರೆ, ಬೆಲ್ಲದ ಪಾಕ, ಆಗ ನೋಡಬೇಕಿತ್ತು ಈ ಕಂಪ್ಲಿಯ ಹುಡುಗಿಯನ್ನು. ಈಗ ಪೀಪಾಯಿಯ ಮೈಯೆಲ್ಲ ಬಾಯಿಪಾಠ ಮಾಡಿದ್ದೇನೆ. ಸೆಪ್ಟೆಂಬರಿನಲ್ಲಿ ಬರೀ ಫ್ರೆಂಚು ಬರೆದರೆ ಸಾಕು, ಇಂಗ್ಲಿಷು, ಚರಿತ್ರೆ ಮತ್ತೆ ಬರೆಯಬೇಕಾಗಿಲ್ಲ, ಹಾಸ್ಟೆಲಿನವರು ಪರೀಕ್ಷೆಯ ಅರ್ಜಿಯ ಕಾಗದವನ್ನೂ ಕಳಿಸಿದ್ದಾರೆ, ಪಾಲಕರ ರುಜು ಎಂದಿರುವ ಕಡೆ ಒಂದು ಗೆರೆ, ಆ ಗೆರೆಯ ಮೇಲೆ ಅಪ್ಪನ ಹೆಸರು ಬಿದ್ದು ಇವತ್ತಿನ ಟಪಾಲಿಗೆ ಹೊಸಪೇಟೆಯಿಂದ ಹೋಗಬೇಕು, ನಾಳೆ ಕಳಿಸಿದರೆ ಗಡುವು ಮುಗಿದಿರುತ್ತದೆ. ಸೆರಗಿನಲ್ಲಿ ಸಿಕ್ಕಿಸಿದ ಕಾಗದ ಬೆವರಿಗೆ ಮೆತ್ತಗಾಗಿದೆ.

ಅಪ್ಪ ರುಜು ಹಾಕುವುದಿಲ್ಲ. ಬೈಯುವುದೂ ಇಲ್ಲ, ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ, ಅಕ್ಕಿ ಗಿರಣಿಯ ಬಾಗಿಲಲ್ಲಿ ನಿಂತು ತೌಡಿನ ಧೂಳು ಕೊಡವಿಕೊಳ್ಳುತ್ತ ಮೆತ್ತಗೆ ಹೇಳಿದರು, ಈಗ ಮತ್ತ ಪರೀಕ್ಷಾಕ್ಕ ಕಳಿಸಿದ್ರ ಊರಿಗೆ ಏನಂತ ಹೇಳ್ಲಿ, ಕಲ್ಲಿನ್ಯಾಗ ಐತಿ, ಸಾಕು. ಸಾಕು ಯಾರಿಗೆ. ಊರಿಗೆಲ್ಲ ಸಕ್ಕರೆ ಹಂಚಿ ಆಗಿದೆ, ಜೂನಿನಲ್ಲಿ ಬಂದ ನಿಜವನ್ನು ಮನೆಯ ಮೂವರ ಬಾಯಲ್ಲಿ ಹೂತಿದ್ದಾರೆ, ನನ್ನ ಬಾಯಲ್ಲೂ, ಎದುರಿಗೆ ಬಂದವರೆಲ್ಲ ಬಿ.ಎ. ಅವ್ವಾರು ಚೆನ್ನಾಗಿದ್ದೀರಾ ಅನ್ನುತ್ತಾರೆ, ನಾನು ಹಲ್ಲು ಕಚ್ಚಿಕೊಂಡು ಹ್ಞೂಂ ಅನ್ನಬೇಕು. ಸಂಡೂರಿನ ಸಂಬಂಧ ಬಂದದ್ದೂ ಈ ಬಾನಿಯಿಂದಲೇ, ಹುಡುಗನ ಸೋದರಮಾವ ಎತ್ತಿಗೆ ನೀರು ಕುಡಿಸುವಾಗ ಓದಿದರಂತೆ, ಓದಿದ ಹುಡುಗಿ ಬೇಕಾಗಿತ್ತಂತೆ, ಕಾರ್ತಿಕದಲ್ಲಿ ಮಾತು ಮುಗಿಸೋಣವಂತೆ, ನಾಳೆ ಆ ಮನೆಯಲ್ಲಿ ಯಾರಾದರೂ ಎಲ್ಲಿದೆಯಮ್ಮಾ ನಿನ್ನ ಸರ್ಟಿಫಿಕೇಟು ಅಂದರೆ ಏನು ತೋರಿಸಲಿ, ಈ ಕಲ್ಲನ್ನು ಗಾಡಿಗೆ ಹೇರಿಕೊಂಡು ಹೋಗಲೇ. ಸಿಟ್ಟು ಬರುತ್ತದೆ, ಅಪ್ಪನ ಮೇಲಲ್ಲ, ಅಪ್ಪನ ಮೇಲೆಯೇ, ಯಾಕೆ ಸುಳ್ಳು ಹೇಳಿಕೊಳ್ಳಲಿ, ಅವರ ಪ್ರೀತಿಯ ಮೇಲೆ ಸಿಟ್ಟು, ಕಾಯುವ ತಾಳ್ಮೆ ಇಲ್ಲದ ಪ್ರೀತಿ ಅದು. ಈ ಬಿ.ಎ. ಕಲ್ಲಿನಲ್ಲಿ ಇರುವ ತನಕ ಅಪ್ಪ ನನ್ನನ್ನು ಮದರಾಸಿಗೆ ಕಳಿಸುವುದಿಲ್ಲ.

ಇದು ಇರುವ ತನಕ — ಕಾಲು ಆಗಲೇ ಬಾನಿ ಕೆತ್ತಿದ ಕಲ್ಲುಕುಟಿಗ ಉಚ್ಚೆಂಗಪ್ಪನ ಕಡೆಗೆ ನಡೆದಿದೆ, ಎದುರು ಮಂಟಪದ ನೆರಳಲ್ಲಿ ಸವೆದ ಬೀಸುಕಲ್ಲಿಗೆ ಉಳಿಯಿಂದ ಮುಳ್ಳು ಹಾಕಿ ಒರಟು ಮಾಡುತ್ತ ಕೂತಿದ್ದಾನೆ, ಆ ಎರಡಕ್ಷರ ತೆಗೆದುಬಿಡು ಅಂದೆ, ತಲೆ ಎತ್ತಿ ನೋಡಿದ, ಮೈ ಹುಷಾರಿಲ್ಲವೇನೋ ಎಂಬಂತೆ ನೋಡಿದ, ಅಳಸಾಕ ಅದೇನು ಪಾಟಿ ಅಲ್ರಿ ಅವ್ವಾರ, ಸಾವ್ಕಾರ್ರು ಹೇಳ್ಲಿ ಅಂದ. ಅದು ಸುಳ್ಳು, ನೀನು ಸುಳ್ಳು ಕೆತ್ತಿದ್ದೀಯ. ಉಳಿ ನಿಂತಿತು. ಸಾವ್ಕಾರ್ರು ಬರೆದುಕೊಟ್ಟದ್ದು ನಾ ಕೆತ್ತೀನ್ರಿ, ಖರೆ ಸುಳ್ಳು ನಿಮ್ಮ ಮನಿಯಾಗ ನೋಡಿಕೋರ್ರಿ ಅಂದ, ಸರಿಯಾಗಿಯೇ ಅಂದ. ಪಕ್ಕದಲ್ಲಿ ಒಂದು ಉಳಿ, ಒಂದು ಸುತ್ತಿಗೆ, ಎತ್ತಿಕೊಂಡೆ, ಎತ್ತಿಕೊಂಡೆನೇ, ಬಾನಿಯ ಮುಂದೆ ಮೊಣಕಾಲೂರಿ ಬಿ ಮೇಲೆ ಇಟ್ಟು ಒಂದು ಏಟು ಹೊಡೆದೆ, ಉಳಿ ಜಾರಿ ಪಕ್ಕದಲ್ಲಿ ಕೆತ್ತಿದ್ದ ಹೂಬಳ್ಳಿಯ ಎಲೆಯೊಂದು ಚಕ್ಕೆ ಎದ್ದಿತು, ಇನ್ನೊಂದು ಹೊಡೆದೆ, ಹೆಬ್ಬೆರಳಿಗೆ ಬಿತ್ತು, ಕಣ್ಣಲ್ಲಿ ನೀರು, ಮೂರನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಉಚ್ಚೆಂಗಪ್ಪ ಓಡಿ ಬಂದು ಕೈ ಹಿಡಿದ. ತಡೆಯುವುದಕ್ಕಲ್ಲ. ಕಲ್ಲು ಕೆಡಸ್ಬ್ಯಾಡ್ರಿ, ಕೊಡ್ರಿಲ್ಲಿ, ತೆಗೀಬೇಕಂದ್ರ ನೆಟ್ಟಗ ತೆಗೀಬೇಕು ಅಂದ. ಆಮೇಲೆ ಅವನ ಕೈ, ಟಕ್ ಟಕ್ ಟಕ್, ಸಣ್ಣ ಸಣ್ಣ ಏಟು, ಕಲ್ಲಿನ ಹಿಟ್ಟು ನನ್ನ ಸೀರೆಯ ಮೇಲೆ, ಬಿ ಹೋಯಿತು, ಎ ಹೋಯಿತು, ಅಲ್ಲಿ ಅಂಗೈಯಗಲದ ಬಿಳಿ ಗುಳಿ. ಜೂನಿನಿಂದೀಚೆಗೆ ಮೊದಲ ಸಲ ಉಸಿರು ತಳದ ತನಕ ಇಳಿಯಿತು.

ವಿಭೂತಿಯ ಹಣೆ, ಕೈಯಲ್ಲಿ ಒಡೆದ ಕಾಯಿ, ಅಪ್ಪ ಬರುತ್ತಿದ್ದಾರೆ, ಹಿಂದೆ ಗಾಳೆಮ್ಮತ್ತೆ, ಬಾನಿಯ ಸುತ್ತ ನಿಂತ ಹತ್ತಾರು ಜನ ದಾರಿ ಬಿಡುತ್ತಿದ್ದಾರೆ. ಅಪ್ಪ ಗುಳಿ ನೋಡಿದರು. ನನ್ನ ಸೀರೆ ನೋಡಿದರು. ನಾನು ಕಾಗದ ತೆಗೆದು ಚಾಚಿದೆ, ಎಲ್ಲರೂ ಕೇಳಲಿ ಎಂದೇ ಹೇಳಿದೆ, ಅಪ್ಪಾ, ನಾ ಬಿ.ಎ. ಅಲ್ಲ, ಫ್ರೆಂಚಿನಾಗ ಫೇಲಾಗೀನಿ, ಇಲ್ಲಿ ರುಜು ಹಾಕ್ರಿ, ಪಾಸಾಗಿ ಬರ್ತೀನಿ, ಆವಾಗ ನೀವು ಎಷ್ಟು ದೊಡ್ಡದು ಕೆತ್ತಿಸ್ತೀರೋ ಕೆತ್ತಿಸ್ರಿ. ಗಾಳೆಮ್ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಕಾಗದ ತೆಗೆದುಕೊಂಡರು — ತೆಗೆದುಕೊಂಡರು, ಓದುತ್ತಿದ್ದಾರೆ, ಕೊನೆಯ ಗೆರೆಯ ತನಕ ಓದುತ್ತಿದ್ದಾರೆ, ಜೇಬಿನ ಪೆನ್ನಿನ ಹತ್ತಿರ ಕೈ ಹೋಯಿತು, ಹೋಯಿತಲ್ಲ, ಕಂಡೆ — ಆಮೇಲೆ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದರು, ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಅಂಗೈಯಲ್ಲಿಟ್ಟರು. ಉಚ್ಚೆಂಗಪ್ಪಾ, ಹೆಸರೂ ತೆಗಿ ಅಂದರು. ಸಾವ್ಕಾರ್ರ, ಅಂದ ಅವನು. ತೆಗಿ ಅಂತ ಹೇಳೀನಲ್ಲ, ಮಗಳು ಅನ್ನೂದು ಇರ್ಲಿ, ಅದೊಂದು ಖರೆ. ಅಷ್ಟು ಹೇಳಿ ಹೋಗಿ ಗಾಡಿ ಹತ್ತಿ ನನಗೆ ಬೆನ್ನು ಮಾಡಿ ಕೂತರು, ಅಪ್ಪಾ ಅಂದೆ, ಮತ್ತೆ ಅಪ್ಪಾ ಅಂದೆ, ಆ ಬೆನ್ನು ಅಲುಗಲಿಲ್ಲ, ಹೊಸಪೇಟೆಯ ಟಪಾಲು ಮೂರಕ್ಕೆ ಕಟ್ಟುತ್ತಾರೆ, ಬಿಸಿಲು ನೆತ್ತಿಗೆ ಬಂದಿದೆ, ಉಚ್ಚೆಂಗಪ್ಪ ನನ್ನ ಮುಖ ನೋಡದೆ ಕೂತು ಉಳಿ ಇಟ್ಟ, ಟಕ್ ಟಕ್, ಅ ಹೋಯಿತು, ಕ್ಕ ಹೋಯಿತು, ನಾ ಗ ಎರಡೂ ಒಂದೇ ಸಲಕ್ಕೆ, ಎಷ್ಟು ನೆಟ್ಟಗೆ ತೆಗೆಯುತ್ತಾನೆ, ಮ್ಮ ಉಳಿದಿದೆ, ಮ್ಮದ ಒತ್ತು ಉಳಿದಿದೆ, ಅದೂ ಹೋಯಿತು, ಗುಳಿಗೆ ಗುಳಿ ಕೂಡಿತು, ಯಾರೋ ಎತ್ತಿಗೆಂದು ಕೊಡ ಎತ್ತಿ ನೀರು ಸುರಿದರು, ಹಿಟ್ಟೆಲ್ಲ ತೊಳೆದು ಹೋಗಿ ಕಲ್ಲು ಸ್ಪಷ್ಟವಾಗಿ ಓದಲು ಬರುತ್ತಿದೆ, ಕಂಪ್ಲಿ ಅಂದಾನಪ್ಪನವರ ಮಗಳು, ಆಮೇಲೆ ಉದ್ದನೆಯ ಬಿಳಿ ಗುಳಿ, ಆಮೇಲೆ ಇವರ ಸೇವೆ — ಮತ್ತೆ ಓದುತ್ತೇನೆ, ಅಂದಾನಪ್ಪನವರ ಮಗಳು, ಗುಳಿ — ಮಗಳು, ಗುಳಿ — ಗುಳಿ