ಕೃಷ್ಣಪ್ರಸಾದರ ಮೂಗಿನ ಪರೀಕ್ಷೆ

ಸೋಸಲೆಯ ಕೃಷ್ಣಪ್ರಸಾದರ ಹುಳಿ ಬಿದ್ದ ಎಲೆಯ ಮುಂದೆ ಬೀಗರು ಜಗಳ ಮರೆಯುತ್ತಾರೆ ಎಂಬ ಮಾತು ಆ ಕಡೆಯೆಲ್ಲ ಓಡಾಡುತ್ತಿತ್ತು. ಅದನ್ನು ಹೆಚ್ಚಾಗಿ ಓಡಾಡಿಸುತ್ತಿದ್ದವರು ಕೃಷ್ಣಪ್ರಸಾದರೇ ಎಂಬುದು ಅವರ ಹೆಂಡತಿ ಪುಟ್ಟಲಕ್ಷ್ಮಿಗೆ ಗೊತ್ತಿತ್ತು. ಆದರೂ ಮಾತು ಸುಳ್ಳಾಗಿರಲಿಲ್ಲ. ನೈವೇದ್ಯಕ್ಕೆ ಮುಂಚೆ ಅಡುಗೆಯನ್ನು ನಾಲಿಗೆಗೆ ಮುಟ್ಟಿಸುವಂತಿಲ್ಲ, ಬೇಕೆಂದು ಮೂಸುವಂತೆಯೂ ಇಲ್ಲ. ಹಬೆಯಲ್ಲಿ ತಾನಾಗಿ ತೇಲಿ ಬಂದಷ್ಟರಿಂದಲೇ ಎಲ್ಲ ತಿಳಿಯಬೇಕು. ಅವರು ಒಲೆಯಿಂದ ಅಷ್ಟು ದೂರ ನಿಂತು, "ಇಂಗು ಸಾಲದು" ಎನ್ನುತ್ತಿದ್ದರು. ಸಾಲದೇ ಇರುತ್ತಿತ್ತು.

ಒಂದು ನಾಮಕರಣದ ಅಡುಗೆ ಒಪ್ಪಿಕೊಳ್ಳಲು ಹೊರಟವರ ಸ್ಕೂಟರಿಗೆ ತಾಂಡವಪುರದ ಹತ್ತಿರ ಸರಕಿನ ಗಾಡಿಯೊಂದು ಹಿಂದಿನಿಂದ ಗುದ್ದಿತು. ತಲೆಯ ಹಿಂಭಾಗ ರಸ್ತೆಗೆ ಅಪ್ಪಳಿಸಿತು. ಆಸ್ಪತ್ರೆಯಿಂದ ಹೊಲಿಗೆ ಹಾಕಿಸಿಕೊಂಡು ಬಂದವರು ನೋಡುವುದಕ್ಕೆ ಮೊದಲಿನಂತೆಯೇ ಇದ್ದರು. ಕೈಕಾಲು ನೆಟ್ಟಗಿದ್ದವು, ಮಾತು ಮೊದಲಿಗಿಂತ ಜಾಸ್ತಿಯೇ ಇತ್ತು. ಆದರೆ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ತಳ ಹತ್ತಿ ಮನೆಯೆಲ್ಲ ಕಮರು ವಾಸನೆ ತುಂಬಿದಾಗ, ಗಂಡ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದರು. ಪುಟ್ಟಲಕ್ಷ್ಮಿ ಓಡಿ ಬಂದು ಒಲೆ ಆರಿಸಿದಳು.

"ಗೊತ್ತಾಗಲಿಲ್ವೇನ್ರೀ?"

"ಏನು?" ಎಂದರು ಕೃಷ್ಣಪ್ರಸಾದರು.

ಆಮೇಲೆ ತಿ. ನರಸೀಪುರದ ಒಂದು ಮದುವೆಯಲ್ಲಿ ಕಮಟು ಹಿಡಿದ ಕೊಬ್ಬರಿಯನ್ನು ರುಬ್ಬಿಸಿ ಹುಳಿಗೆ ಹಾಕಿಬಿಟ್ಟರು. ಜನ ಎಲೆಯಿಂದೆದ್ದು ಕೈ ತೊಳೆದರು. ಅವರನ್ನು ಅಡುಗೆಗೆ ಕರೆಯುವುದು ಅಲ್ಲಿಗೆ ನಿಂತಿತು.

ಪರಿಹಾರ ಕೇಳಿ ನಂಜನಗೂಡಿನ ಕೋರ್ಟಿನಲ್ಲಿ ಕೇಸು ಹಾಕಿದರು. ಇವರ ವಕೀಲರು ಮಹಾದೇವಸ್ವಾಮಿ. ವಿಮಾ ಕಂಪನಿಯ ಪರ ಹೇಮಂತ್ ಎಂಬ ಹುಡುಗುಮುಖದ ವಕೀಲ. ಕಂಪನಿಯವರು ಯಾವನನ್ನೋ ಕೃಷ್ಣಪ್ರಸಾದರ ಬೆನ್ನಿಗೆ ಬಿಟ್ಟು, ಅವರು ಪ್ರಸಾದದ ಹೂವನ್ನು ಕಣ್ಣಿಗೊತ್ತಿ ಮೂಗಿಗೆ ಹಿಡಿದದ್ದನ್ನು ಮೊಬೈಲಿನಲ್ಲಿ ತೆಗೆಸಿದ್ದರು. ಹೇಮಂತ್ ಅದನ್ನು ನ್ಯಾಯಾಧೀಶರಿಗೆ ತೋರಿಸಿ, "ವಾಸನೆ ಬಾರದವರು ಹೂವನ್ನು ಏಕೆ ಮೂಸುತ್ತಾರೆ ಸ್ವಾಮಿ? ಇದು ನಾಟಕ" ಎಂದ. ಹುಟ್ಟಿದಾಗಿನಿಂದ ಬಂದ ಅಭ್ಯಾಸವನ್ನು ಸಾಕ್ಷಿ ಮಾಡಿಕೊಂಡ ಆ ಜಾಣತನ ಕಂಡು ಪುಟ್ಟಲಕ್ಷ್ಮಿಗೆ ಅಸಹ್ಯವಾಯಿತು. ಸರ್ಕಾರಿ ವೈದ್ಯರಿಂದ ಪರೀಕ್ಷೆ ಮಾಡಿಸಲು ಕೋರ್ಟು ಆದೇಶ ಮಾಡಿತು.

ಪರೀಕ್ಷೆಯ ಹಿಂದಿನ ದಿನ ಮಹಾದೇವಸ್ವಾಮಿ ಪಾಠ ಶುರು ಮಾಡಿದರು.

"ನೋಡಿ ಸ್ವಾಮಿ, ಮೂಗ್ಗೆ ಏನೇ ಹಿಡೀಲಿ, ಏನೂ ಇಲ್ಲ ಅನ್ನಿ. ಮಖ ಕಿವುಚ್ಬೇಡಿ. ಕಲ್ಲು ಕೂತಂಗೆ ಕೂತಿರಿ."

"ನನಗೆ ನಿಜವಾಗ್ಲೂ ವಾಸನೆ ಬರಲ್ಲ ವಕೀಲರೇ."

"ಅದು ಸರಿ ಕಣ್ರೀ. ಬರೀ ನಿಜ ಇಟ್ಕೊಂಡು ಕೋರ್ಟಲ್ಲಿ ಏನು ಮಾಡ್ತೀರಿ?"

ಇಂಥವರ ಹತ್ತಿರ ಬಂದು ಬಿದ್ದೆವಲ್ಲ ಎಂದುಕೊಂಡಳು ಪುಟ್ಟಲಕ್ಷ್ಮಿ. ಆದರೆ ಮನೆಗೆ ಬಂದ ಮೇಲೆ ಗಂಡನಿಗೆ ಅದನ್ನೇ ಹೇಳಿದಳು. "ಅವರು ಹೇಳಿದ ಹಾಗೆ ಕೂತಿರಿ. ನಿಮ್ಮ ದೊಡ್ಡಸ್ತಿಕೆ ಅಲ್ಲಿ ಬೇಡ."

ಪರೀಕ್ಷೆ ಮಾಡಿದವರು ಡಾಕ್ಟರ್ ನಂದಿತಾ. ಮಾತು ಕಡಿಮೆ. ಕಣ್ಣು ಮುಚ್ಚಿಸಿ ಒಂದೊಂದೇ ಸಣ್ಣ ಶೀಶೆಯನ್ನು ಮೂಗಿಗೆ ಹಿಡಿದರು. ಕಾಫಿಪುಡಿ. ಇಲ್ಲ. ಲವಂಗದೆಣ್ಣೆ. ಇಲ್ಲ. ಗೋಡೆಗೊರಗಿ ನಿಂತ ಪುಟ್ಟಲಕ್ಷ್ಮಿಗೇ ಪರಿಮಳ ಬರುತ್ತಿತ್ತು. ಎಷ್ಟೋ ಮದುವೆಮನೆಗಳನ್ನು ಆಳಿದ ಮನುಷ್ಯ ಎಳೆ ಮಗುವಿನಂತೆ ಮುಖವೊಡ್ಡಿ ಕೂತಿರುವುದನ್ನು ಅವಳಿಗೆ ನೋಡಲಾಗಲಿಲ್ಲ.

ಕೊನೆಯ ಶೀಶೆ ತೆರೆದ ತಕ್ಷಣ ಅವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕೃಷ್ಣಪ್ರಸಾದರ ತಲೆ ಹಿಂದಕ್ಕೆ ಚಿಮ್ಮಿತು. ಕಣ್ಣಲ್ಲಿ ನೀರು ಬಂತು.

"ಏನನ್ನಿಸ್ತು?" ಎಂದರು ಡಾಕ್ಟರು.

ಏನೂ ಇಲ್ಲ ಅನ್ನಿ, ಅನ್ನಿ ಎಂದು ಪುಟ್ಟಲಕ್ಷ್ಮಿ ಮನಸ್ಸಿನಲ್ಲೇ ಗಂಡನನ್ನು ತಿವಿದಳು.

"ಉರೀತು ಡಾಕ್ಟ್ರೇ. ಒಳಗೆಲ್ಲ ಮೆಣಸಿನಕಾಯಿ ಸವರಿದ ಹಾಗೆ. ವಾಸನೆ ಅಂತೇನೂ ಇಲ್ಲ. ಬರೀ ಉರಿ."

ಡಾಕ್ಟರು ಬರೆದುಕೊಂಡರು. ಬಾಗಿಲ ಬಳಿ ನಿಂತಿದ್ದ ಕಂಪನಿಯ ಪ್ರತಿನಿಧಿ ಹಲ್ಲು ಕಿರಿದ. ಆಚೆ ಬಂದ ಮೇಲೆ ಪುಟ್ಟಲಕ್ಷ್ಮಿ, "ಹರಿಶ್ಚಂದ್ರನ ವಂಶ ನಿಮ್ಮದು. ಒಂದು 'ಇಲ್ಲ' ಅನ್ನೋಕೆ ಆಗಲಿಲ್ಲ" ಎಂದಳು. ವಿಚಾರಣೆಯ ದಿನದವರೆಗೂ ಅವಳು ಗಂಡನಿಗೆ ಊಟ ಬಡಿಸಿದ್ದು ತಟ್ಟೆ ಕುಕ್ಕಿಯೇ.

ಅಂದು ಹೇಮಂತ್ ಹೊಸ ಅಳಿಯನಂತೆ ಎದ್ದು ನಿಂತ.

"ಡಾಕ್ಟರೇ, ಕೊನೆಗೆ ಅಮೋನಿಯ ಹಿಡಿದಿರಿ. ಅರ್ಜಿದಾರರು ಬೆಚ್ಚಿದರು, ಕಣ್ಣೀರೂ ಬಂತು. ಹೌದೋ ಅಲ್ಲವೋ?"

"ಹೌದು."

"ಅಂದ್ರೆ ಮೂಗು ಕೆಲಸ ಮಾಡ್ತಿದೆ."

"ಇಲ್ಲ," ಎಂದರು ನಂದಿತಾ. "ವಾಸನೆ ತಿಳಿಸೋ ನರ ಬೇರೆ, ಉರಿ ತಿಳಿಸೋ ನರ ಬೇರೆ. ಇವರಿಗೆ ಹೋಗಿರೋದು ಮೊದಲನೇದು. ವಾಸನೆ ಪೂರ್ತಿ ಹೋದವರಿಗೂ ಅಮೋನಿಯ ಉರಿದೇ ಉರಿಯುತ್ತೆ. ಅದೂ ಗೊತ್ತಾಗಲಿಲ್ಲ ಅಂತ ಹೇಳಿದ್ರೆ ನಮಗೆ ಅನುಮಾನ ಬರೋದು. ಇವರು ಹಾಗೆ ಹೇಳಿದ್ದಿದ್ರೆ ನಾಟಕ ಆಡ್ತಿದಾರೆ ಅಂತಲೇ ಬರೀತಿದ್ದೆ."

ಹೇಮಂತ್ ತನ್ನ ಕಾಗದಗಳನ್ನು ಜೋಡಿಸಿಕೊಂಡು ಕೂತ. ಮಹಾದೇವಸ್ವಾಮಿ ಫೈಲಿನೊಳಗೆ ತಲೆ ಹುದುಗಿಸಿ ಏನನ್ನೋ ಹುಡುಕುತ್ತಿದ್ದರು. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

ತೀರ್ಪು ಕೃಷ್ಣಪ್ರಸಾದರ ಕಡೆಗೇ ಆಯಿತು. ಕೋರ್ಟಿನ ಮೆಟ್ಟಿಲ ಮೇಲೆ ಮಹಾದೇವಸ್ವಾಮಿ ಕರಿಕೋಟು ಕೊಡವಿಕೊಂಡು, "ನಾನು ಮೊದಲಿಂದ್ಲೂ ಹೇಳ್ತಿದ್ನಲ್ಲ ಸ್ವಾಮಿ, ಇದ್ದದ್ದು ಇದ್ದಂಗೆ ಹೇಳ್ಬೇಕು ಅಂತ" ಎಂದರು. ಪುಟ್ಟಲಕ್ಷ್ಮಿ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಏನಾದರೂ ಅನ್ನಬೇಕೆಂದು ತುಟಿಯವರೆಗೆ ಬಂತು. ಆದರೆ ಅದೇ ಪಾಠವನ್ನು ಮನೆಯಲ್ಲಿ ಒಪ್ಪಿಸಿದವಳು ತಾನೇ ಎಂಬುದು ನೆನಪಾಗಿ ಮೆಟ್ಟಿಲಿಳಿದಳು.

ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಸೋಸಲೆಯ ಬಸ್ಸಿಗೆ ಕಾಯುವಾಗ ಎದುರಿನ ಹೋಟೆಲಿನ ಬಾಣಲೆಯಲ್ಲಿ ಏನೋ ಚುರ್ರೆಂದಿತು. ಕೃಷ್ಣಪ್ರಸಾದರು ಸದ್ದು ಬಂದ ಕಡೆ ತಿರುಗಿದರು.

"ಏನು ಕರೀತಿದಾನೆ?"

"ಬಜ್ಜಿ."

"ಎಣ್ಣೆ ಹೇಗಿದೆ?"

ಅವಳು ಉಸಿರೆಳೆದು ನೋಡಿದಳು. "ಹಳೇದು. ಸುಟ್ಟು ಸುಟ್ಟು ಕರ‍್ರಗಾಗಿರಬೇಕು."

"ಕಳ್ಳ ನನ್ಮಗ," ಎಂದರು ಕೃಷ್ಣಪ್ರಸಾದರು, ಬಹಳ ತೃಪ್ತಿಯಿಂದ. "ಜನಕ್ಕೆ ಇಂಥದ್ದನ್ನ ತಿನ್ನಿಸ್ತಾನಲ್ಲ."