ಒಂದು ಬೆರಳಿನಷ್ಟು ಬಾಗಿಲು

ಹದಿನಾಲ್ಕು ವರ್ಷ ಆ ಲ್ಯಾಬಿನ ಫರ್ನೆಸ್ ನೋಡಿಕೊಂಡವಳು ನಾನು. ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ಇಟ್ರಿಯಂ, ಯುರೋಪಿಯಂ ದ್ರಾವಣಕ್ಕೆ ಸಿಟ್ರಿಕ್ ಆಸಿಡ್ ಹಾಕಿ, ಹದವಾಗಿ ಕಾಯಿಸಿ, ಜೇನಿನಂಥ ಜೆಲ್ ಮಾಡಿಕೊಡುತ್ತಿದ್ದಳು. ಒಣಗಿಸಿ ಸುಡುವುದು ನನ್ನ ಪಾಲು. ಆ ಬಿಳಿ ಪುಡಿಯನ್ನು ನೇರಳಾತೀತ ದೀಪದ ಕೆಳಗಿಟ್ಟರೆ ಕೆಂಡದ ಹಾಗೆ ಹೊಳೆಯುತ್ತಿತ್ತು.

ಗುಟ್ಟು ಇಷ್ಟೇ. ನಾನೂರು ಡಿಗ್ರಿಗೆ ಬಂದಾಗ ಒಂದು ಗಂಟೆ ಫರ್ನೆಸ್ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಿಡಬೇಕು. ಗಾಳಿಯಾಡಿದರೆ ಜೆಲ್ಲಿನ ಮಸಿ ಸುಟ್ಟುಹೋಗುತ್ತದೆ. ಇಲ್ಲದಿದ್ದರೆ ಒಳಗೇ ಉಳಿದು ಬೆಳಕನ್ನು ನುಂಗುತ್ತದೆ. ಇದನ್ನು ನಾನು ಎಲ್ಲೂ ಬರೆದಿರಲಿಲ್ಲ, ಯಾರೂ ಕೇಳಿರಲಿಲ್ಲ.

ಅವಳ ಪೇಪರ್ ಅಚ್ಚಾಯಿತು. ಅವಳ ಹೆಸರು, ಪ್ರೊಫೆಸರ ಹೆಸರು, ಫರ್ನೆಸ್ ಹತ್ತಿರ ಒಂದು ದಿನವೂ ಸುಳಿಯದ ಪ್ರೊಫೆಸರ ಅಳಿಯನ ಹೆಸರು. ನನ್ನದಿಲ್ಲ.

"ನಾನು ಕೇಳ್ದೆ ಅಕ್ಕಾ, ಸರ್ ಬೇಡ ಅಂದ್ರು," ಅಂದಳು. ಕೇಳಿದಳಂತೆ!

ಆಮೇಲೆ ಪರೀಕ್ಷಕರು ಬಂದರು. ಪೇಪರಿನಲ್ಲಿ ಬರೆದಂತೆ ಮಾಡಿದರೆ ತಮ್ಮ ಲ್ಯಾಬಿನಲ್ಲಿ ಪುಡಿ ಹೊಳೆಯುತ್ತಿಲ್ಲ, ಹುಡುಗಿಯೇ ಮೊದಲಿಂದ ಕೊನೆಯವರೆಗೆ ತಮ್ಮೆದುರು ಮಾಡಿ ತೋರಿಸಲಿ, ಆಗದಿದ್ದರೆ ಡಿಗ್ರಿ ಇಲ್ಲ ಎಂದರು.

"ಅಕ್ಕಾ, ಸುಡೋವಾಗ ಏನಾದ್ರೂ ವಿಶೇಷ ಇದೆಯಾ?"

"ನಿಮ್ಮ ಪೇಪರಲ್ಲೇ ಇದೆಯಲ್ಲಮ್ಮಾ, ಹಾಗೇ ಮಾಡು," ಅಂದೆ. ಹೇಳುವಾಗ ನಾಲಿಗೆಗೆ ಹಿತವಾಗಿತ್ತು, ಸುಳ್ಳೇಕೆ.

ಅವಳು ಬಾಗಿಲನ್ನು ಭದ್ರವಾಗಿ ಮುಚ್ಚಿದಳು. ನಾನು ಬೀಕರ್ ತೊಳೆಯುತ್ತಿದ್ದೆ. ಮೀಟರ್ ನಾನೂರು ಮುಟ್ಟಿದಾಗ ಕೈ ನಿಂತಿತು. ಇನ್ನೂ ಹೇಳಬಹುದಿತ್ತು. ಅಷ್ಟರಲ್ಲಿ ಪ್ರೊಫೆಸರು ನನ್ನ ಮುಖ ಕೂಡ ನೋಡದೆ, "ಟೀ ತರೋಕೆ ಹೇಳಿ ಎಷ್ಟೊತ್ತಾಯ್ತು?" ಅಂದರು. ಟೀ ತರಲು ಹೋದೆ.

ಪುಡಿ ಬೂದುಬಣ್ಣಕ್ಕೆ ತಿರುಗಿತ್ತು. ದೀಪದ ಕೆಳಗೆ ಕಂಡೂ ಕಾಣದಂಥ ಕೆಂಪು. "ಹಿಂದಿನ ಅಂಕಿಅಂಶವೆಲ್ಲ ಇವಳದೇ, ನಾನು ನಂಬಿ ಕೆಟ್ಟೆ," ಎಂದು ಪ್ರೊಫೆಸರು ಕೈ ತೊಳೆದುಕೊಂಡರು. ಅವರ ಕೂದಲೂ ಕೊಂಕಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವಳು ನಾನೇ.

ಮೇಜು ಖಾಲಿ ಮಾಡಿದ ದಿನ ಹುಡುಗಿ ನನ್ನ ಹತ್ತಿರ ಬಂದಳು. ಅತ್ತೂ ಅತ್ತೂ ಕಣ್ಣು ಊದಿತ್ತು.

"ನೀವು ಬೇಜಾರು ಮಾಡ್ಕೋಬೇಡಿ ಅಕ್ಕಾ. ನನ್ನ ಜೆಲ್ಲೇ ಸರಿಯಿರ್ಲಿಲ್ವೇನೋ."

ಅಷ್ಟು ಒಳ್ಳೆಯ ಜೆಲ್ಲನ್ನು ನಾನು ಹದಿನಾಲ್ಕು ವರ್ಷದಲ್ಲಿ ನೋಡಿರಲಿಲ್ಲ. ಹಾಗಂದರೆ, ಮತ್ತೇನು ಕೆಟ್ಟಿತು ಎಂದು ಕೇಳುತ್ತಾಳೆ.

"ಇರಬಹುದಮ್ಮಾ," ಅಂದೆ.